ಕೊಯ್ಯದಿದ್ದರೆ ಕೈಬಿಟ್ಟಂತೆಯೇ?

ನಮ್ಮ ಕಡೆ, ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ, ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಬಗ್ಗೆ ಎರಡು ಮಾತುಗಳು ಬಹುಕಾಲದಿಂದ ಬಳಕೆಯಲ್ಲಿವೆ. ‘ಚಾಕು ತಾಗಿದರೆ ಗಂಟು ಮೈತುಂಬ ಹರಡುತ್ತದೆ’ ಎಂಬುದು ಒಂದು. ‘ಆಪರೇಷನ್ ಬೇಡ ಎಂದರೆ ಡಾಕ್ಟರು ಕೈಬಿಟ್ಟರು ಎಂದೇ ಅರ್ಥ’ ಎಂಬುದು ಇನ್ನೊಂದು. ಪರಸ್ಪರ ವಿರುದ್ಧವಾದ ಈ ಎರಡೂ ಮಾತುಗಳನ್ನು ಒಂದೇ ಮನೆಯ ಪಡಸಾಲೆಯಲ್ಲಿ, ಒಂದೇ ದಿನ ಕೇಳಿದ್ದುಂಟು.

ಕಳೆದ ವರ್ಷ ಹಗರಿಬೊಮ್ಮನಹಳ್ಳಿ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ತಂದೆಯ ಮೂತ್ರಪಿಂಡದ ಕ್ಯಾನ್ಸರು ಶ್ವಾಸಕೋಶಕ್ಕೆ ಹರಡಿದೆಯೆಂದೂ, ವೈದ್ಯರು ‘ಈಗಲೇ ಕೊಯ್ಯುವುದು ಬೇಡ, ಮೊದಲು ಔಷಧ’ ಎಂದಿರುವರೆಂದೂ, ಬಂಧುಗಳು ಹೊಲ ಮಾರಿಯಾದರೂ ಬೇರೆಡೆ ಆಪರೇಷನ್ ಮಾಡಿಸು ಎನ್ನುತ್ತಿರುವರೆಂದೂ ಹೇಳಿದ. ನಾನು ವೈದ್ಯನಲ್ಲ; ಇತಿಹಾಸದ ಪಾಠ ಹೇಳಿದವನು. ಆದರೆ ಈ ಶಸ್ತ್ರಚಿಕಿತ್ಸೆಗೂ ಒಂದು ಇತಿಹಾಸವಿದೆ. ಅದನ್ನು ತಿಳಿದರೆ ವೈದ್ಯರ ಮಾತಿನ ಅರ್ಥ ತಿಳಿಯುತ್ತದೆ ಎಂಬ ನಂಬಿಕೆಯಿಂದ ಈ ಲೇಖನ.

ಮೂತ್ರಪಿಂಡಗಳು ಬೆನ್ನಿನ ಭಾಗದಲ್ಲಿ ಆಳವಾಗಿ ಅಡಗಿರುವ ಅಂಗಗಳು. ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗ ಇವೆರಡರ ಮೂಲಕವೇ ಹಾಯುತ್ತದೆ. ಅಲ್ಲಿ ಕತ್ತಿಯಾಡಿಸಿದರೆ ರಕ್ತಸ್ರಾವದ ಭಯ. ಒಂದನ್ನು ತೆಗೆದರೆ ಮನುಷ್ಯ ಉಳಿದಾನೆಯೇ ಎಂಬ ಸಂದೇಹ. 1861ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಎರಾಸ್ಟಸ್ ವೋಲ್ಕಾಟ್ ಎಂಬ ವೈದ್ಯರು ಯಕೃತ್ತಿನ ಗಡ್ಡೆಯೆಂದು ಭಾವಿಸಿ ಹೊಟ್ಟೆ ತೆರೆದಾಗ ಕಂಡದ್ದು ಮೂತ್ರಪಿಂಡದ ಗಡ್ಡೆ. ಅದನ್ನು ತೆಗೆದರು, ರೋಗಿ ಹದಿನೈದು ದಿನಗಳಲ್ಲಿ ತೀರಿಕೊಂಡ.

ಯೋಚಿಸಿ, ಸಿದ್ಧತೆ ಮಾಡಿಕೊಂಡು ಮೂತ್ರಪಿಂಡವನ್ನು ಮೊದಲು ತೆಗೆದವರು ಜರ್ಮನಿಯ ಹೈಡೆಲ್‌ಬರ್ಗಿನ ಗುಸ್ಟಾವ್ ಸೈಮನ್. ದಿನಾಂಕ 1869ರ ಆಗಸ್ಟ್ 2. ಸರಿಯಾಗಿ ಎರಡು ತಿಂಗಳ ನಂತರ ಪೋರಬಂದರಿನಲ್ಲಿ ಗಾಂಧೀಜಿ ಜನಿಸಿದರು. ಅವರ ಚಿತಾಭಸ್ಮವನ್ನು ಇರಿಸಿಕೊಂಡಿರುವ ಕೂಡ್ಲಿಗಿಯವರಿಗೆ ಈ ತೇದಿ ಮರೆಯಲಾರದು. ಸೈಮನ್ನರ ರೋಗಿ ಮಾರ್ಗರೆಟಾ ಕ್ಲೆಬ್ ಎಂಬ ಮಹಿಳೆಗೆ ಇದ್ದದ್ದು ಕ್ಯಾನ್ಸರಲ್ಲ. ಹಿಂದಿನ ಶಸ್ತ್ರಚಿಕಿತ್ಸೆಯೊಂದರಲ್ಲಿ ಮೂತ್ರನಾಳಕ್ಕೆ ಗಾಯವಾಗಿ ಮೂತ್ರ ಸದಾ ಸೋರುತ್ತಿತ್ತು. ಸೈಮನ್ ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿ, ಒಂದೇ ಮೂತ್ರಪಿಂಡದಿಂದ ಜೀವ ನಡೆಯುತ್ತದೆಂದು ಖಚಿತಪಡಿಸಿಕೊಂಡ ಬಳಿಕವೇ ಕತ್ತಿ ಹಿಡಿದರು. ಆಕೆ ಗುಣಹೊಂದಿ ಮನೆಗೆ ಮರಳಿದಳು.

ಅಲ್ಲಿಂದ ಮುಂದೆ ಮೂತ್ರಪಿಂಡದ ಕ್ಯಾನ್ಸರಿಗೆ ಶಸ್ತ್ರವೇ ಮದ್ದಾಯಿತು. 1960ರ ದಶಕದಲ್ಲಿ ಕೆನಡಾದ ಟೊರಾಂಟೊದ ಚಾರ್ಲ್ಸ್ ರಾಬ್ಸನ್ ಅವರು ಮೂತ್ರಪಿಂಡವನ್ನಷ್ಟೇ ಅಲ್ಲದೆ ಅದರ ಸುತ್ತಲಿನ ಕೊಬ್ಬಿನ ಹೊದಿಕೆ, ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿ, ಸಮೀಪದ ದುಗ್ಧಗ್ರಂಥಿಗಳು, ಇವೆಲ್ಲವನ್ನೂ ಒಟ್ಟಾಗಿ ತೆಗೆಯುವ ಕ್ರಮವನ್ನು ಬಳಕೆಗೆ ತಂದರು. ರೋಗ ಮೂತ್ರಪಿಂಡದಲ್ಲೇ ಇರುವವರೆಗೆ ಶಸ್ತ್ರಚಿಕಿತ್ಸೆಯೇ ಮುಖ್ಯ ಉಪಾಯ. ಇಂದಿಗೂ ಈ ಮಾತಿನಲ್ಲಿ ಬದಲಾವಣೆಯಿಲ್ಲ.

ತೊಡಕು ಇರುವುದು ರೋಗ ಶ್ವಾಸಕೋಶಕ್ಕೋ ಮೂಳೆಗೋ ಹರಡಿದ ಮೇಲೆ. ಬೇರೆಡೆ ಬೀಜ ಬಿದ್ದಾಗಿದೆ. ಈಗ ತಾಯಿಗಿಡವನ್ನು ಕಿತ್ತು ಪ್ರಯೋಜನವೇನು? ಆದರೆ ಕೆಲವು ಘಟನೆಗಳು ವೈದ್ಯರನ್ನು ಬೆರಗುಗೊಳಿಸಿದವು. ಬೋಸ್ಟನ್ನಿನ ಬಾರ್ನಿ ಮತ್ತು ಚರ್ಚಿಲ್ ಎಂಬ ವೈದ್ಯರು ರೋಗಿಯೊಬ್ಬರ ಮೂತ್ರಪಿಂಡವನ್ನೂ, ಶ್ವಾಸಕೋಶಕ್ಕೆ ಹರಡಿದ್ದ ಒಂದೇ ಗಂಟನ್ನೂ ತೆಗೆದು 1939ರಲ್ಲಿ ಆ ವೃತ್ತಾಂತವನ್ನು ಪ್ರಕಟಿಸಿದರು. ಆ ರೋಗಿ ಶಸ್ತ್ರಚಿಕಿತ್ಸೆಯ ಬಳಿಕ ಎರಡು ದಶಕಗಳಿಗೂ ಹೆಚ್ಚು ಕಾಲ ಬದುಕಿದರು. ಕೊನೆಗೆ ತೀರಿಕೊಂಡದ್ದೂ ಬೇರೆ ಕಾರಣದಿಂದ. ಮೂತ್ರಪಿಂಡ ತೆಗೆದ ಮೇಲೆ ಬೇರೆಡೆಯ ಗಂಟುಗಳು ತಾವಾಗಿಯೇ ಕರಗಿದ ಉದಾಹರಣೆಗಳೂ ದೊರೆತವು. ಆದರೆ ಅವು ನೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಅಪರೂಪದ ಮಳೆಯನ್ನು ನಂಬಿ ಬಿತ್ತನೆ ಮಾಡಲಾಗದೆಂಬುದು ನಮ್ಮ ಬಯಲುಸೀಮೆಯ ರೈತರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಆದ್ದರಿಂದ ಪರೀಕ್ಷಿಸಿ ನೋಡುವುದು ಅಗತ್ಯವಾಯಿತು. 2001ರಲ್ಲಿ ಅಮೆರಿಕ ಮತ್ತು ಯೂರೋಪುಗಳಿಂದ ಎರಡು ಅಧ್ಯಯನಗಳು ಪ್ರಕಟವಾದವು. ರೋಗ ಹರಡಿದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಇಂಟರ್‌ಫೆರಾನ್ ಔಷಧವನ್ನಷ್ಟೇ, ಇನ್ನೊಂದಕ್ಕೆ ಮೊದಲು ಶಸ್ತ್ರಚಿಕಿತ್ಸೆ, ಬಳಿಕ ಅದೇ ಔಷಧವನ್ನು ಕೊಟ್ಟರು. ಎರಡರ ಲೆಕ್ಕವನ್ನೂ ಕೂಡಿಸಿ ನೋಡಿದಾಗ, ಔಷಧವಷ್ಟೇ ಪಡೆದವರ ಮಧ್ಯಮ ಆಯುಷ್ಯ 7.8 ತಿಂಗಳು; ಶಸ್ತ್ರಚಿಕಿತ್ಸೆಯನ್ನೂ ಪಡೆದವರದು 13.6 ತಿಂಗಳು. ಸುಮಾರು ಆರು ತಿಂಗಳ ಅಂತರ. ‘ಹರಡಿದ್ದರೂ ಕೊಯ್ಯುವುದೇ ಲೇಸು’ ಎಂಬ ಸೂತ್ರ ಲೋಕದ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ನೆಲೆಗೊಂಡಿತು. ನಮ್ಮ ಬಂಧುಗಳ ಒತ್ತಾಯಕ್ಕೂ ಹೀಗೆ ಒಂದು ಕಾಲದ ಸತ್ಯವೇ ಆಧಾರ.

ಆದರೆ ಇಂಟರ್‌ಫೆರಾನ್ ದುರ್ಬಲ ಔಷಧ. 2005-06ರ ಹೊತ್ತಿಗೆ ಸೊರಾಫೆನಿಬ್, ಸುನಿಟಿನಿಬ್ ಎಂಬ ಗುಳಿಗೆಗಳು ಬಂದವು. ಗಡ್ಡೆಗೆ ರಕ್ತವೊದಗಿಸುವ ಹೊಸ ನಾಳಗಳು ಬೆಳೆಯದಂತೆ ತಡೆಯುವುದು ಇವುಗಳ ಕೆಲಸ. ಒಳ್ಳೆಯ ಔಷಧ ಇರುವಾಗಲೂ ಮೊದಲು ಕೊಯ್ಯಬೇಕೇ? ಈ ಪ್ರಶ್ನೆಯನ್ನು ಫ್ರಾನ್ಸಿನ ವೈದ್ಯರ ಮುಂದಾಳತ್ವದಲ್ಲಿ 450 ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಕಾರ್ಮೆನಾ ಎಂಬ ಹೆಸರಿನ ಈ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಬಳಿಕ ಸುನಿಟಿನಿಬ್ ಪಡೆದವರ ಮಧ್ಯಮ ಆಯುಷ್ಯ 13.9 ತಿಂಗಳು, ಸುನಿಟಿನಿಬ್ ಅನ್ನಷ್ಟೇ ಪಡೆದವರದು 18.4 ತಿಂಗಳು. ಕೊಯ್ಯದವರಿಗೆ ನಷ್ಟವೇನೂ ಆಗಿರಲಿಲ್ಲ. ಕಾರಣ ಊಹಿಸಬಹುದಾದದ್ದೇ: ದೊಡ್ಡ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುವಷ್ಟರಲ್ಲಿ ವಾರಗಳು ಕಳೆಯುತ್ತವೆ, ಬೇರೆಡೆಯ ರೋಗ ಕಾಯುವುದಿಲ್ಲ, ಕೆಲವರಿಗೆ ಔಷಧ ಆರಂಭಿಸುವ ಶಕ್ತಿಯೇ ಉಳಿಯುವುದಿಲ್ಲ.

ಇದನ್ನು ಓದಿ ‘ಶಸ್ತ್ರಚಿಕಿತ್ಸೆ ವ್ಯರ್ಥ’ ಎಂದು ಯಾರೂ ತೀರ್ಮಾನಿಸಬಾರದು. ಆ ಅಧ್ಯಯನದಲ್ಲಿದ್ದವರ ರೋಗ ಮಧ್ಯಮ ಅಥವಾ ತೀವ್ರ ಸ್ವರೂಪದ್ದು. ಮೊದಲು ಔಷಧವನ್ನಷ್ಟೇ ಪಡೆದವರಲ್ಲೂ ಸುಮಾರು ಆರರಲ್ಲಿ ಒಬ್ಬರಿಗೆ ಮುಂದೆ ಶಸ್ತ್ರಚಿಕಿತ್ಸೆ ಮಾಡಲಾಯಿತು. ದೇಹ ಗಟ್ಟಿಯಾಗಿದ್ದು ರೋಗ ಒಂದೆರಡು ಕಡೆ ಮಾತ್ರ ಹರಡಿದ್ದರೆ, ಗಡ್ಡೆಯಿಂದ ತಡೆಯಲಾಗದ ರಕ್ತಸ್ರಾವವೋ ನೋವೋ ಇದ್ದರೆ, ಔಷಧಕ್ಕೆ ಬೇರೆಡೆಯ ಗಂಟುಗಳು ಚೆನ್ನಾಗಿ ಕುಗ್ಗಿದ್ದರೆ, ಇಂದಿಗೂ ಶಸ್ತ್ರವೈದ್ಯರು ಕತ್ತಿ ಹಿಡಿಯುತ್ತಾರೆ. ಈಚೆಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಔಷಧಗಳು ಬಂದಿವೆ. ಅವುಗಳಿಗೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಹಿಂದೆ ‘ಕೊಯ್ಯಬೇಕೇ ಬೇಡವೇ’ ಎಂದಿದ್ದ ಪ್ರಶ್ನೆ ಈಗ ‘ಯಾರಿಗೆ, ಯಾವಾಗ’ ಎಂದಾಗಿದೆ.

ನಮ್ಮ ಸೀಮೆಯ ಪಾಲಿಗೆ ಇದರ ಜೊತೆಗೆ ‘ಎಲ್ಲಿ’ ಎಂಬ ಪ್ರಶ್ನೆಯೂ ಇತ್ತು. 1953ರವರೆಗೆ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ದೊಡ್ಡ ಕಾಯಿಲೆಯೆಂದರೆ ಮದರಾಸು ದೂರ, ಮುಂಬಯಿ ಇನ್ನೂ ದೂರ. ಹುಬ್ಬಳ್ಳಿಯಲ್ಲಿ 1957ರಲ್ಲಿ, ಬಳ್ಳಾರಿಯಲ್ಲಿ 1961ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ ವೈದ್ಯಕೀಯ ಕಾಲೇಜುಗಳು ಬಂದವು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ದಾರಿ ಹತ್ತಿರವಾದರೂ ಹಣದ ದಾರಿ ಹತ್ತಿರವಾಗಲಿಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಬಂದದ್ದು ಬಳ್ಳಾರಿಯನ್ನೊಳಗೊಂಡ ಕಲಬುರಗಿ ವಿಭಾಗಕ್ಕೆ. ಅಂದು ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯವರು ಮುಂದಿನ ಹಂತಕ್ಕೆ ಕಾಯಬೇಕಾಯಿತು. 2018ರಿಂದ ಅದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಗಿದೆ. ಹೊಲ ಮಾರುವ ಮುನ್ನ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಯಾವ ಚಿಕಿತ್ಸೆಗೆ ಏನು ದೊರೆಯುತ್ತದೆಂದು ಕೇಳಿರಿ.

ಕೊನೆಗೆ ಮೇಷ್ಟರ ಎರಡು ಮಾತು. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಉಷ್ಣವೆಂದು ಜೀರಿಗೆ ನೀರು ಕುಡಿದು ಸುಮ್ಮನಿರಬೇಡಿ. ಒಮ್ಮೆ ಸ್ಕ್ಯಾನಿಂಗ್ ಮಾಡಿಸಿರಿ. ರೋಗ ಹರಡುವ ಮುನ್ನವೇ ಕಂಡರೆ ಈ ಚರ್ಚೆಯ ಅಗತ್ಯವೇ ಬೀಳುವುದಿಲ್ಲ. ಹರಡಿದ ಮೇಲೆ ವೈದ್ಯರು ‘ಈಗ ಕೊಯ್ಯುವುದು ಬೇಡ’ ಎಂದರೆ, ‘ಏಕೆ ಬೇಡ? ಮುಂದೆ ಬೇಕಾದೀತೇ? ಅದನ್ನು ಯಾವಾಗ ನಿರ್ಧರಿಸುವಿರಿ?’ ಎಂದು ವಿನಯದಿಂದ ಕೇಳಿರಿ. ಈ ಮೂರಕ್ಕೂ ಉತ್ತರ ಕೊಡುವ ವೈದ್ಯರು ನಿಮ್ಮ ಕೈಬಿಟ್ಟಿಲ್ಲ.