ನಮ್ಮೂರ ರಸ್ತೆ ಕಥೆ 6: ಮುಂದಿನ ಬ್ರೇಕಿನ ಹೆದರಿಕೆ ಎಲ್ಲಿಂದ ಬಂತು?

"ಮುಂದಿನ ಬ್ರೇಕ್ ಮುಟ್ಬೇಡ ಮಾರಾಯ, ಬೀಳ್ತೀಯ!" ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಬೈಕ್ ಕಲಿಯುವಾಗ ಈ ಮಾತು ಕೇಳದವರು ಕಡಿಮೆ. ಇದು ಸುಮ್ನೆ ಹೇಳುವ ಮಾತಲ್ಲ, ಇದರ ಹಿಂದೆ ಒಂದು ಕಾಲ ಉಂಟು.

1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಜಾವಾ, ಆಮೇಲಿನ ಯೆಜ್ಡಿ, ಎರಡಕ್ಕೂ ಹಿಂದೆ ಮುಂದೆ ಡ್ರಮ್ ಬ್ರೇಕ್. ಡ್ರಮ್ಮಿನೊಳಗೆ ಮಳೆನೀರು ಹೊಕ್ಕರೆ ಮೊದಲು ಹಿಡಿಯುವುದೇ ಇಲ್ಲ, ಆಮೇಲೆ ಗಕ್ಕನೆ ಹಿಡಿಯಬಹುದು. ಮಣ್ಣು, ಜಲ್ಲಿಯ ದಾರಿಯಲ್ಲಿ ಮುಂದಿನ ಚಕ್ರ ಹಾಗೆ ಲಾಕ್ ಆದರೆ ಬಿದ್ದಂತೆಯೇ. ಚಾರ್ಮಾಡಿ ಘಾಟಿ ಇಳಿಯುವಾಗ ಇನ್ನೊಂದು ಕಷ್ಟ: ಟೂ ಸ್ಟ್ರೋಕ್ ಎಂಜಿನ್ ಗಾಡಿಯನ್ನು ತಡೆದು ಹಿಡಿಯುವುದು ಕಮ್ಮಿ. ಕೆಲಸವೆಲ್ಲ ಬ್ರೇಕಿಗೆ. ಡ್ರಮ್ ಕಾದರೆ ಅದೂ ಕೈಕೊಡ್ತದೆ. ಹಿರಿಯರ ಹೆದರಿಕೆಗೆ ಅರ್ಥ ಇತ್ತು.

ಆದ್ರೆ ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತದೆ. ಮುಂದಿನ ಟೈರು ರಸ್ತೆಯನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರ ಆಗುತ್ತದೆ. 1969ರ ಹೋಂಡಾ ಸಿಬಿ750 ನೋಡಿ: ಹೊಸ ಡಿಸ್ಕ್ ಬ್ರೇಕ್ ಕೊಟ್ಟದ್ದು ಮುಂದಿನ ಚಕ್ರಕ್ಕೆ, ಹಿಂದೆ ಹಳೆಯ ಡ್ರಮ್ಮೇ. ನಮ್ಮ ದೇಶಕ್ಕೆ ಡಿಸ್ಕ್ ತಡವಾಗಿ ಬಂತು. 80ರ ದಶಕದ ರಾಜದೂತ್ 350ಗೂ ಎರಡೂ ಕಡೆ ಡ್ರಮ್. 2019ರ ಏಪ್ರಿಲ್ 1ರಿಂದ ಮಾತ್ರ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕಿಗೆ ಎಬಿಎಸ್ ಕಡ್ಡಾಯ. ಸಣ್ಣ ಗಾಡಿಗೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಆದರೂ ಬೇಕು ಅಂತ ಆಗ ನಿಯಮ ಬಂತು.

ಗಾಡಿ ಬದಲಾಯಿತು, ಮಾತು ಬದಲಾಗಲಿಲ್ಲ. ಬಿ.ಸಿ.ರೋಡಿನಲ್ಲಿ ಎದುರಿನ ಬಸ್ ಗಕ್ಕನೆ ನಿಂತಾಗ ಹಿಂದಿನ ಬ್ರೇಕ್ ಮಾತ್ರ ತುಳಿದರೆ ಚಕ್ರ ಜಾರಿಕೊಂಡು ಹೋಗ್ತದೆ, ಬೈಕ್ ಬೇಗ ನಿಲ್ಲುವುದಿಲ್ಲ.

ಹಾಗಾದ್ರೆ ಎಂತ ಮಾಡ್ಬೇಕು?
👉 ಗಾಡಿ ನೆಟ್ಟಗಿರುವಾಗ ಎರಡೂ ಬ್ರೇಕ್ ಒಟ್ಟಿಗೆ. ಮುಂದಿನದನ್ನು ಒಮ್ಮೆಲೇ ಎಳೆಯಬೇಡಿ, ಹಿಂಡುತ್ತಾ ಜಾಸ್ತಿ ಮಾಡಿ.
👉 ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ ಸ್ಪೀಡ್ ಇಳಿಸಿ.
👉 ಮಳೆಯಲ್ಲಿ ದೂರದಿಂದಲೇ ಶುರು ಮಾಡಿ, ಮೆತ್ತಗೆ ಹಿಡಿಯಿರಿ.
👉 ಘಾಟಿ ಇಳಿಯುವಾಗ ಕಡಿಮೆ ಗೇರು. ಈಗಿನ ಫೋರ್ ಸ್ಟ್ರೋಕ್ ಎಂಜಿನ್ ತಡೆದು ಹಿಡಿಯುತ್ತದೆ.
👉 ಸಿಂಗಲ್ ಚಾನೆಲ್ ಎಬಿಎಸ್ ಆದ್ರೆ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದು ಈಗಲೂ ಲಾಕ್ ಆಗ್ತದೆ.

ಮರಳು, ಜಲ್ಲಿ ಬಿದ್ದ ಕಡೆ ಮಾತ್ರ ಹಿರಿಯರ ಮಾತು ಇವತ್ತಿಗೂ ಸರಿ: ಅಲ್ಲಿ ಮುಂದಿನ ಬ್ರೇಕ್ ಜೋರಾಗಿ ಬೇಡ. ಉಳಿದ ಕಡೆ, ಖಾಲಿ ಮೈದಾನದಲ್ಲಿ ನಿಧಾನಕ್ಕೆ ಅಭ್ಯಾಸ ಮಾಡಿ ಕೈಗೆ ರೂಢಿ ಮಾಡಿಕೊಳ್ಳಿ. ಬಸ್ ಎದುರಿಗೆ ಬಂದಾಗ ಕಲಿಯಲು ಸಮಯ ಇರುವುದಿಲ್ಲ.

ನಿಮ್ಮ ಮನೆಯ ಹಳೇ ಬೈಕ್ ಯಾವುದು? ಕೆಳಗೆ ಬರೆಯಿರಿ 👇
#ನಮ್ಮೂರರಸ್ತೆಕಥೆ #ಬಂಟ್ವಾಳ #ಬೆಳ್ತಂಗಡಿ #ಮೂಡುಬಿದಿರೆ