ಅಂತರಲಿಂಗಿ ಎಂದರೆ ಯಾರು? ಶಾಲೆಯಲ್ಲೇ ಯಾಕೆ ಹೇಳಿಕೊಡಬೇಕು?

ಮಾವಳ್ಳಿ: ಹೆರಿಗೆ ಆದ ಕೂಡಲೇ ಎಲ್ಲರೂ ಕೇಳೋದು ‘ಗಂಡಾ, ಹೆಣ್ಣಾ?’ ಅಂತ. ಕೆಲವು ಮಕ್ಕಳ ವಿಷಯದಲ್ಲಿ ಉತ್ತರ ಅಷ್ಟು ಸಲೀಸಲ್ಲ. ಜನನಾಂಗ, ಹಾರ್ಮೋನು ಅಥವಾ ವರ್ಣತಂತು ಗಂಡು-ಹೆಣ್ಣಿನ ಸಾಮಾನ್ಯ ಮಾದರಿಗೆ ಪೂರ್ತಿ ಹೊಂದದೆ ಹುಟ್ಟಿದವರನ್ನು ಅಂತರಲಿಂಗಿ ಅಥವಾ ಇಂಟರ್‌ಸೆಕ್ಸ್ ಎನ್ನುತ್ತಾರೆ. ಇದು ಶಾಪವಲ್ಲ, ತಾಯಿಯ ತಪ್ಪೂ ಅಲ್ಲ.

ಪಾಠದಲ್ಲಿ ಏನಿರಬೇಕು?
ಎಕ್ಸ್‌ಎಕ್ಸ್ ಆದರೆ ಹೆಣ್ಣು, ಎಕ್ಸ್‌ವೈ ಆದರೆ ಗಂಡು ಎಂದು ಹೈಸ್ಕೂಲಿನಲ್ಲಿ ಕಲಿಸುತ್ತಾರೆ. ಎಕ್ಸ್‌ವೈ ಇದ್ದೂ ಹೆಣ್ಣಾಗಿ ಬೆಳೆಯುವವರಿದ್ದಾರೆ ಎಂಬ ಮಾತೂ ಅಲ್ಲೇ ಸೇರಬೇಕು. ತಮಿಳುನಾಡಿನ ಓಟಗಾರ್ತಿ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಗೇಮ್ಸ್‌ನ 800 ಮೀಟರ್ ಓಟದಲ್ಲಿ ಗೆದ್ದ ಬೆಳ್ಳಿಯನ್ನು ಲಿಂಗ ಪರೀಕ್ಷೆಯ ನಂತರ ಕಳೆದುಕೊಂಡರು.

ಮನೆಯವರು ಏನು ಮಾಡಬೇಕು?
ಹುಡುಗಿಗೆ 15 ತುಂಬಿದರೂ ಮುಟ್ಟಾಗದಿದ್ದರೆ ಮುಚ್ಚಿಡಬೇಡಿ. ಕಾರಣ ಹಲವು ಇರಬಹುದು. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಹದಿಹರೆಯದವರಿಗೆಂದೇ ಇದೆ. ಜನನಾಂಗ ಸ್ಪಷ್ಟವಿಲ್ಲದ ಹಸುಗೂಸನ್ನು ತಕ್ಷಣ ಮಕ್ಕಳ ಡಾಕ್ಟರಿಗೆ ತೋರಿಸಿ. ಕೆಲವರಲ್ಲಿ ದೇಹದ ಉಪ್ಪಿನಂಶ ಕುಸಿದು, ವಾಂತಿಯಾಗಿ, ಜೀವಕ್ಕೇ ಅಪಾಯ ಬರುತ್ತದೆ. ಅಂಥ ಅಪಾಯ ಇಲ್ಲದಿದ್ದರೆ ಲಿಂಗ ಸರಿಪಡಿಸುವ ಆಪರೇಶನ್‌ಗೆ ಅವಸರ ಬೇಡ. ಮದ್ರಾಸ್ ಹೈಕೋರ್ಟ್ ತೀರ್ಪಿನಂತೆ ತಮಿಳುನಾಡು ಸರ್ಕಾರ 2019ರಲ್ಲೇ ಶಿಶುಗಳಿಗೆ ಇದನ್ನು ನಿಷೇಧಿಸಿದೆ.

ಕಾನೂನು ಏನು ಹೇಳುತ್ತದೆ?
2019ರ ತೃತೀಯಲಿಂಗಿಗಳ ಹಕ್ಕು ರಕ್ಷಣೆ ಕಾಯ್ದೆ ಅಂತರಲಿಂಗಿಗಳಿಗೂ ಅನ್ವಯ. ಶಾಲೆ ತಾರತಮ್ಯ ಮಾಡುವಂತಿಲ್ಲ. ಪಾಠ ಹೇಳುವಾಗ ಮಾಸ್ತರರು, ಅಕ್ಕೋರು ನೆನಪಿಡಬೇಕಾದ್ದು ಒಂದೇ: ತರಗತಿಯ ಯಾವ ಮಗುವನ್ನೂ ಉದಾಹರಣೆಯಾಗಿ ತೋರಿಸಬಾರದು.