ಮ್ಯಾಡ್ ಮ್ಯಾಕ್ಸ್ 2: ಪೆಟ್ರೋಲಿಲ್ಲದ ಲೋಕದ ಅಲೆಮಾರಿ

ಜಾರ್ಜ್ ಮಿಲ್ಲರ್ ನಿರ್ದೇಶನದ ‘ಮ್ಯಾಡ್ ಮ್ಯಾಕ್ಸ್ 2’ 1981ರ ಡಿಸೆಂಬರ್‌ನಲ್ಲಿ ತೆರೆಕಂಡ ಆಸ್ಟ್ರೇಲಿಯಾದ ಸಿನಿಮಾ. ನಾಗರಿಕತೆ ಕುಸಿದುಬಿದ್ದ ಮೇಲೆ ಒಂದು ನಾಯಿ, ಒಂದು ಕಾರು ಇಟ್ಟುಕೊಂಡು ಅಲೆಯುವ ಮಾಜಿ ಪೊಲೀಸ್ ಮ್ಯಾಕ್ಸ್ ಇದರ ನಾಯಕ. ಆ ಪಾತ್ರದಲ್ಲಿ ಮೆಲ್ ಗಿಬ್ಸನ್ ನಟಿಸಿದ್ದಾರೆ.

ಹಿನ್ನೆಲೆ

ಮಿಲ್ಲರ್ ಮೂಲತಃ ವೈದ್ಯರು. ಸಿಡ್ನಿಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ರಸ್ತೆ ಅಪಘಾತದ ಗಾಯಾಳುಗಳನ್ನು ಕಣ್ಣಾರೆ ಕಂಡವರು. ಗೆಳೆಯ ಬೈರನ್ ಕೆನಡಿ ನಿರ್ಮಾಪಕರಾಗಿ ಜೊತೆಗೂಡಿದಾಗ 1979ರಲ್ಲಿ ಕಡಿಮೆ ಖರ್ಚಿನ ಮೊದಲ ‘ಮ್ಯಾಡ್ ಮ್ಯಾಕ್ಸ್’ ಹೊರಬಂತು. ಅದರ ಗೆಲುವಿನಿಂದ ಎರಡನೆಯ ಭಾಗಕ್ಕೆ ಸುಮಾರು 45 ಲಕ್ಷ ಆಸ್ಟ್ರೇಲಿಯನ್ ಡಾಲರ್ ಬಂಡವಾಳ ಸಿಕ್ಕಿತು. 1973ರ ತೈಲ ಬಿಕ್ಕಟ್ಟಿನ ನೆನಪು ಆಗಿನ್ನೂ ಹಸಿಯಾಗಿತ್ತು. ಇಂಧನ ಪೂರ್ತಿ ಬತ್ತಿದರೆ ಏನಾದೀತು ಎಂಬ ಭಯವೇ ಕಥೆಯ ಬೀಜವಾಯಿತು.

ಕಥೆ

ಮರುಭೂಮಿಯಲ್ಲಿ ತೈಲ ಸಂಸ್ಕರಣಾ ಘಟಕವೊಂದನ್ನು ಕೆಲವರು ಕೋಟೆಯಂತೆ ಕಾಯುತ್ತಿದ್ದಾರೆ. ಹ್ಯೂಮಂಗಸ್ ಎಂಬ ಮುಖವಾಡಧಾರಿಯ ದಂಡು ಅದನ್ನು ಮುತ್ತಿದೆ. ಪೆಟ್ರೋಲಿನ ಆಸೆಗೆ ಬಂದ ಮ್ಯಾಕ್ಸ್, ಕೊನೆಗೆ ಕೋಟೆಯವರ ಟ್ಯಾಂಕರ್ ಓಡಿಸಲು ಒಪ್ಪುತ್ತಾನೆ. ಆ ಲೋಕದ ಬರಗಾಲವನ್ನು ಮಿಲ್ಲರ್ ದೃಶ್ಯದಲ್ಲೇ ತೋರಿಸುತ್ತಾರೆ. ಮ್ಯಾಕ್ಸ್ ನಾಯಿ ಆಹಾರದ ಡಬ್ಬಿ ತೆರೆದು ಚಮಚದಿಂದ ತಿನ್ನುತ್ತಾನೆ. ಅವನು ಸೆರೆಹಿಡಿದ ಹಸಿದ ವ್ಯಕ್ತಿ ಬಾಯಿ ಬಿಟ್ಟುಕೊಂಡು ನೋಡುತ್ತಾನೆ. ಮ್ಯಾಕ್ಸ್ ಮುಗಿಸಿದ ಮೇಲೂ ಮೊದಲ ಸರದಿ ನಾಯಿಯದೇ. ಇಡೀ ಚಿತ್ರದಲ್ಲಿ ನಾಯಕನ ಸಂಭಾಷಣೆ ಬೆರಳೆಣಿಕೆಯ ಸಾಲುಗಳಷ್ಟೇ.

ಚಿತ್ರೀಕರಣ

ನ್ಯೂ ಸೌತ್ ವೇಲ್ಸ್‌ನ ಗಣಿ ಊರು ಬ್ರೋಕನ್ ಹಿಲ್ ಮತ್ತು ಪಕ್ಕದ ಸಿಲ್ವರ್ಟನ್ ಸುತ್ತಮುತ್ತ 1981ರ ಚಳಿಗಾಲದಲ್ಲಿ ಚಿತ್ರೀಕರಣ ನಡೆಯಿತು. ಛಾಯಾಗ್ರಾಹಕ ಡೀನ್ ಸೆಮ್ಲರ್ ಬಯಲಿನ ವಿಸ್ತಾರವನ್ನು ಅಗಲ ಪರದೆಗೆ ತುಂಬಿದರು. ನಾರ್ಮಾ ಮಾರಿಸೋ ಅವರು ಚರ್ಮ, ಗರಿ, ಕ್ರೀಡಾ ಕವಚಗಳನ್ನು ಬೆರೆಸಿ ದಾಳಿಕೋರರ ವೇಷ ರೂಪಿಸಿದರು.

ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲ. ಗುದ್ದಾಟಗಳೆಲ್ಲ ನಿಜವಾದ ವಾಹನಗಳದೇ. ಬೈಕಿನಿಂದ ಹಾರಿದ ಸಾಹಸ ಕಲಾವಿದ ಗೈ ನಾರಿಸ್ ಅವರ ಕಾಲು ಕಾರಿಗೆ ಬಡಿದು, ಅವರು ಗಾಳಿಯಲ್ಲಿ ಗಿರಗಿರನೆ ಪಲ್ಟಿ ಹೊಡೆದು ಬಿದ್ದರು. ಕಾಲಿನ ಮೂಳೆ ಮುರಿಯಿತು. ಆ ದೃಶ್ಯ ಚಿತ್ರದಲ್ಲಿ ಹಾಗೆಯೇ ಉಳಿದಿದೆ. ಟ್ಯಾಂಕರ್ ಉರುಳಿಸುವ ಚಾಲಕನಿಗೆ, ಶಸ್ತ್ರಚಿಕಿತ್ಸೆ ಬೇಕಾದೀತೆಂಬ ಮುನ್ನೆಚ್ಚರಿಕೆಯಿಂದ, ಮೊದಲೇ ಉಪವಾಸವಿರಲು ಹೇಳಲಾಗಿತ್ತು. ಅವರು ಪೆಟ್ಟಿಲ್ಲದೆ ಹೊರಬಂದರು.

ಸ್ವಾಗತ

ಅಮೆರಿಕದಲ್ಲಿ ಮೊದಲ ಭಾಗವನ್ನು ನೋಡಿದವರು ಕಡಿಮೆ. ಹಾಗಾಗಿ 1982ರಲ್ಲಿ ಅಲ್ಲಿ ಇದನ್ನು ‘ದ ರೋಡ್ ವಾರಿಯರ್’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಲಾಯಿತು. ಗಳಿಕೆ 2 ಕೋಟಿ ಡಾಲರ್ ದಾಟಿತು. ವಿಮರ್ಶಕ ರೋಜರ್ ಈಬರ್ಟ್ 4ರಲ್ಲಿ 3.5 ನಕ್ಷತ್ರ ಕೊಟ್ಟರು. ಆಸ್ಟ್ರೇಲಿಯನ್ ಫಿಲಂ ಇನ್‌ಸ್ಟಿಟ್ಯೂಟ್ ಪ್ರಶಸ್ತಿಗಳಲ್ಲಿ ನಿರ್ದೇಶನ, ಸಂಕಲನ, ಧ್ವನಿ, ವಸ್ತ್ರವಿನ್ಯಾಸ, ನಿರ್ಮಾಣ ವಿನ್ಯಾಸ ಹೀಗೆ 5 ಇದರ ಪಾಲಾದವು.

ಪ್ರಭಾವ

ತುಕ್ಕು ಹಿಡಿದ ವಾಹನ, ಚರ್ಮದ ಉಡುಪು, ಇಂಧನಕ್ಕಾಗಿ ಕಾದಾಟ: ಮುಂದಿನ ಪ್ರಳಯೋತ್ತರ ಚಿತ್ರಗಳು ಈ ಅಚ್ಚಿನಲ್ಲೇ ಎರಕಗೊಂಡವು. 1983ರಲ್ಲಿ ಶುರುವಾದ ಜಪಾನಿನ ಮಾಂಗಾ ‘ಫಿಸ್ಟ್ ಆಫ್ ದ ನಾರ್ತ್ ಸ್ಟಾರ್’ನಲ್ಲೂ ಇದರ ಛಾಯೆ ಎದ್ದು ಕಾಣುತ್ತದೆ. ಅದೇ ವರ್ಷ ಬೈರನ್ ಕೆನಡಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಸರಣಿಯ 2015ರ ಚಿತ್ರ ‘ಫ್ಯೂರಿ ರೋಡ್’ 6 ಆಸ್ಕರ್ ಗೆದ್ದಿತು. ಅದರ ಸಾಹಸ ದೃಶ್ಯಗಳ ಹೊಣೆ ಹೊತ್ತವರು, 1981ರಲ್ಲಿ ಕಾಲು ಮುರಿದುಕೊಂಡಿದ್ದ ಗೈ ನಾರಿಸ್.